ಸಾಯಲಿಯ ಹೆಸರಿನ ಕೆಳಗೆ ಇನ್ನೊಬ್ಬರ ರಿಪೋರ್ಟ್

ಕೋಥರೂಡ, ಪುಣೆ
ಭಾನುವಾರ

ರಾಜೀವ ಕಾಕಾ ಅವರಿಗೆ,

ನಮಸ್ಕಾರ ಎಂದು ಬರೆಯಲು ಕೈ ಬರುತ್ತಿಲ್ಲ, ಹಾಗಾಗಿ ನೇರವಾಗಿ ವಿಷಯಕ್ಕೇ ಬರುತ್ತೇನೆ. ನಿನ್ನೆ ನೀವು ಫೋನ್ ಮಾಡಿ, "ಮನಿ ಮಗಳಂಗ ಇದ್ದಿ ಭಾಮಾ, ಹೊರಗಿನವರ ಮುಂದ ಹೇಳೂದಿತ್ತೇನು?" ಅಂದಿರಿ. ಸಿಟ್ಟಿಗೆ ಫೋನ್ ಇಟ್ಟುಬಿಟ್ಟೆ. ಉತ್ತರ ಇಲ್ಲಿದೆ.

ಧಾರವಾಡದಿಂದ ಬಂದು ನಿಮ್ಮ ಕಂಪನಿ ಸೇರಿದಾಗ ನನಗೆ ವೆಬ್ ಪ್ರೋಗ್ರಾಮಿಂಗ್ ಕಲಿಸಿದವರು ನೀವೇ. ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದಿರಿ. ಅಪ್ಲಿಕೇಶನ್, ಅಂದರೆ ವೆಬ್‌ಸೈಟನ್ನು ನಡೆಸುವ ಪ್ರೋಗ್ರಾಂ, ಶುರುವಾಗುವುದು ಒಮ್ಮೆ. ಆಮೇಲೆ ಎಷ್ಟು ಜನ ಬಂದರೂ ಎಲ್ಲರಿಗೂ ಅದೊಂದೇ. ರಿಕ್ವೆಸ್ಟ್, ಅಂದರೆ ಪುಟ ಬೇಕೆಂಬ ಕೋರಿಕೆ, ಹಾಗಲ್ಲ, ಒಬ್ಬೊಬ್ಬರದೂ ಬೇರೆ. ಯಾರೋ ಫೋನಿನಲ್ಲಿ ಪುಟ ತೆರೆಯುತ್ತಾರೆ, ಅವರ ರಿಕ್ವೆಸ್ಟ್ ಶುರುವಾಗುತ್ತದೆ, ಅವರು ಯಾರೆಂದು ತಿಳಿದುಕೊಂಡ ಮೇಲೆ ಪುಟ ಸಿದ್ಧವಾಗಿ ಅವರಿಗೆ ತಲುಪುತ್ತದೆ, ಅಲ್ಲಿಗೆ ಅದರ ಕತೆ ಮುಗಿಯಿತು. "ಒಬ್ಬರ ಸಾಮಾನು ಎಲ್ಲಾರೂ ಓಡಾಡೋ ಪಡಸಾಲ್ಯಾಗ ಇಡಬಾರದು" ಅಂದಿದ್ದಿರಿ. ನಾನು ಅದನ್ನು ಮರೆಯಲಿಲ್ಲ. ನೀವು ಮರೆತಿರಿ.

ನಮಗೆ ಕೆಲಸ ಕೊಟ್ಟ ರೋಗಪರೀಕ್ಷೆಯ ಲ್ಯಾಬಿನ ವೆಬ್‌ಸೈಟ್ ಬೇಗ ಶುರು ಮಾಡಬೇಕೆಂಬ ಅವಸರದಲ್ಲಿ ನೀವೇ ಕೂತು ರೋಗಿಗಳಿಗೆ ರಿಪೋರ್ಟ್ ತೋರಿಸುವ ಭಾಗ ಬರೆದಿರಿ. ಪ್ರತಿ ರಿಕ್ವೆಸ್ಟ್ ಶುರುವಾದಾಗ ಬರುವ ರೋಗಿಯ ನಂಬರನ್ನು ಇಡೀ ಅಪ್ಲಿಕೇಶನ್‌ಗೆ ಸೇರಿದ ಜಾಗದಲ್ಲಿಟ್ಟಿರಿ. ಇಬ್ಬರು ಒಟ್ಟಿಗೆ ಬಂದರೆ ಎರಡನೆಯವರ ನಂಬರು ಮೊದಲಿನವರದನ್ನು ಅಳಿಸಿಬಿಡುತ್ತದೆ ಎಂದು ತನುಶ್ರೀ ನಿಮಗೆ ಆಗಲೇ ಹೇಳಿದ್ದಳು. ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಬಂದ ಹುಡುಗಿ. "ಚಲೋ ನಡದದಲಾ, ಕೈ ಹಚ್ಚಬ್ಯಾಡ" ಅಂದಿರಂತೆ. ನಾನಾಗ ಬೇರೆ ಪ್ರಾಜೆಕ್ಟಿನಲ್ಲಿದ್ದೆ. ಇದೆಲ್ಲ ನನಗೆ ಗೊತ್ತಾದದ್ದು ಅನಾಹುತ ಆದ ಮೇಲೆ.

ಸಾಯಲಿ ಇಲ್ಲೇ ಕೋಥರೂಡದ ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವ ಟೀಚರ್. ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತೆಂದು ಪರೀಕ್ಷೆ ಮಾಡಿಸಿದ್ದರು. ಫೋನಿನಲ್ಲಿ ರಿಪೋರ್ಟ್ ತೆರೆದರೆ ಮೇಲೆ ಅವರದೇ ಹೆಸರು, ಕೆಳಗೆ ಕ್ಯಾನ್ಸರ್ ಇಲ್ಲ ಎಂಬ ಸಾಲು. ಹೆಸರು ಬಿದ್ದ ಮೇಲೆ ನಂಬರು ಬದಲಾಗಿತ್ತು, ಆ ಸಾಲು ಅದೇ ಗಳಿಗೆಯಲ್ಲಿ ತನ್ನ ರಿಪೋರ್ಟ್ ನೋಡಲು ಬಂದ ಇನ್ನಾವುದೋ ಹೆಂಗಸಿನದು. ಸಾಯಲಿ ಅದನ್ನೇ ಡಾಕ್ಟರಿಗೆ ಕಳಿಸಿದರು, ಅವರೂ ನಂಬಿದರು. ಮಳೆಗಾಲ ಕಳೆಯಿತು, ದೀಪಾವಳಿ ಮುಗಿಯಿತು, ಗಂಟು ಬೆಳೆಯಿತು. ಅನುಮಾನ ಬಂದು ಡಾಕ್ಟರು ಲ್ಯಾಬಿನಿಂದ ಮೂಲ ರಿಪೋರ್ಟ್ ತರಿಸಿದಾಗ ನಿಜ ಹೊರಬಿತ್ತು.

ಸಾಯಲಿ ಗಂಡ ಅಂಬಾದಾಸರ ಜೊತೆ ನಮ್ಮ ಆಫೀಸಿಗೆ ಬಂದ ದಿನ ನಾನೂ ಅಲ್ಲಿದ್ದೆ. ಮರಾಠಿಯಲ್ಲಿ ಮಾತು ಶುರು ಮಾಡಿದವರು ನಮ್ಮಿಬ್ಬರ ಕನ್ನಡ ಕೇಳಿ ಕನ್ನಡಕ್ಕೆ ತಿರುಗಿದರು. ಫೋನನ್ನು ಮೇಜಿನ ಮೇಲಿಟ್ಟು, ದನಿ ಏರಿಸದೆ ಕೇಳಿದರು: "ಮ್ಯಾಲ ನನ್ನ ಹೆಸರದ. ಕೆಳಗಿಂದು ಯಾರದ್ರೀ?"

ನೀವು ತಲೆ ತಗ್ಗಿಸುತ್ತೀರಿ ಅಂದುಕೊಂಡೆ. ನೀವು ತನುಶ್ರೀಯ ಕಡೆ ಕೈ ಮಾಡಿದಿರಿ. "ಈ ಹುಡುಗಿ ಹೊಸಾಕಿ. ಅಕಿ ಕೈಯಿಂದ ತಪ್ಪಾಗ್ಯದ್ರಿ."

ಸಾಯಲಿ ಅವಳನ್ನೇ ನೋಡುತ್ತ, "ನಿನಗ ತಾಯಿ ಇದ್ದಾರೇನವ್ವಾ?" ಎಂದರು. ತನುಶ್ರೀ ಹೂಂ ಎಂದು ತಲೆಯಾಡಿಸಿದಳು. ಆ ಸಂಜೆಯೇ ನೀವು ಅವಳನ್ನು ಕೆಲಸದಿಂದ ತೆಗೆದಿರಿ.

ಹೌದು, ಮರುದಿನ ಅವಳನ್ನು ಕರೆದುಕೊಂಡು ಲ್ಯಾಬಿಗೆ ಹೋದವಳು ನಾನೇ. ಅಲ್ಲಿನ ಮುಖ್ಯಸ್ಥೆ ಸ್ವರ್ಣಲತಾ ಅವರೆದುರು ನಾವಿಬ್ಬರೂ ಒಂದೊಂದು ಫೋನ್ ಹಿಡಿದು, ಹಿಂದೆ ಅಲ್ಲೇ ಮಾಡಿಸಿದ್ದ ನಮ್ಮ ನಮ್ಮ ರಕ್ತಪರೀಕ್ಷೆಯ ರಿಪೋರ್ಟ್ ತೆರೆಯಲು ಒಟ್ಟಿಗೆ ಒತ್ತಿದೆವು. ಮೊದಲ ಸಲ ಏನೂ ಆಗಲಿಲ್ಲ, ಎರಡನೆಯ ಸಲವೂ ಇಲ್ಲ. ಒತ್ತುತ್ತಲೇ ಹೋದೆವು. ಕಡೆಗೊಮ್ಮೆ ನನ್ನ ಹೆಸರಿನ ಕೆಳಗೆ ತನುಶ್ರೀಯ ರಕ್ತದ ವಿವರ ಬಂದು ಕೂತಿತು. ಇದನ್ನು ಬರೆದವರು ಯಾರೆಂದು ಅವರು ಕೇಳಿದರು, ನಾನು ನಿಮ್ಮ ಹೆಸರು ಹೇಳಿದೆ. ಅವರು ಆಗಲೇ ವೆಬ್‌ಸೈಟ್ ನಿಲ್ಲಿಸಿ, ರಿಪೋರ್ಟ್ ನೋಡಿದವರಿಗೆಲ್ಲ ಫೋನ್ ಮಾಡಿಸತೊಡಗಿದರು. ನೀವು ಕಂಪನಿಯ ಹೆಸರು ಹಾಳಾಯಿತು ಎನ್ನುತ್ತೀರಿ. ಆ ಫೋನುಗಳಲ್ಲಿ ಇನ್ನೆಷ್ಟು ಮನೆಗಳಿಗೆ ಸಿಡಿಲು ಬಡಿಯಿತೋ, ಅದರ ಬಗ್ಗೆ ನೀವು ಒಂದು ಮಾತೂ ಕೇಳಲಿಲ್ಲ.

ಸಾಯಲಿಯ ಮನೆಗೂ ಹೋಗಿದ್ದೆ. ತನುಶ್ರೀಯದೇನೂ ತಪ್ಪಿಲ್ಲ ಎಂದು ತಿಳಿಸಿದೆ. ಅವರು "ಆವಾಗ ಗೊತ್ತಾಗಿದ್ರ ಇಷ್ಟು ಹರಡತಿದ್ದಿಲ್ಲಲ್ರಿ?" ಎಂದರು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಕಾಕಾ? ಬರುವ ವಾರ ಅವರಿಗೆ ಆಪರೇಶನ್. ನಿಮ್ಮನ್ನು ನೋಡಲು ಅವರಿಗೆ ಇಷ್ಟವಿಲ್ಲ, ಅಲ್ಲಿಗೆ ಹೋಗಬೇಡಿ.

ಸ್ವಾರಗೇಟಿನ ಹತ್ತಿರ ತನುಶ್ರೀಯ ತಂದೆ ಲೋಕನಾಥ ಶೆಟ್ಟರ ಹೊಟೇಲಿದೆ. ಅಲ್ಲಿಗೆ ಹೋಗಿ. ಮಗಳು ಯಾರದೋ ಜೀವಕ್ಕೆ ಕುತ್ತು ತಂದಳೆಂದು ನಂಬಿ ಆ ಮನುಷ್ಯ ಅವಳ ಜೊತೆ ಮಾತು ಬಿಟ್ಟಿದ್ದಾರೆ. ನಾನು ಹೇಳಿದ್ದನ್ನು ಗೆಳತಿಯ ಮಾತೆಂದು ತಳ್ಳಿಹಾಕಿದರು. ನಿಮ್ಮ ಬಾಯಿಂದ ಬಂದರೆ ನಂಬುತ್ತಾರೆ. "ತಪ್ಪು ನನ್ನದು, ನಿಮ್ಮ ಮಗಳು ಮೊದಲೇ ಎಚ್ಚರಿಸಿದ್ದಳು" ಎಂದು ಹೇಳಿ. ಅವಸರ, ಕೆಲಸದ ಒತ್ತಡ ಎಂದೆಲ್ಲ ಸೇರಿಸಬೇಡಿ.

ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ. ಆ ಒಂದು ಮಾತು ಆಡುವಷ್ಟು ಧೈರ್ಯ ದೇವರು ನಿಮಗೆ ಕೊಡಲಿ. ಅದಕ್ಕಿಂತ ದೊಡ್ಡ ಹಾರೈಕೆ ಸದ್ಯಕ್ಕೆ ನನ್ನಲ್ಲಿಲ್ಲ.

ಭಾಮಾ