ಅಪ್ಪಣೆಗಾಗಿ ಕಾದ ಸೈರನ್

ಕಾರ್ಖಾನೆಗಳ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿಗಳೇ,

ನಮ್ಮ ಮನೆ ಹತ್ತಿರದ ಔಷಧ ಕಾರ್ಖಾನೆ ಸೋಮವಾರದಿಂದ ಮತ್ತೆ ಶುರುವಾಗಬಹುದೆಂದು ತಾವು ಅನುಮತಿ ಕೊಟ್ಟಿದ್ದೀರಿ. ಆ ಸುದ್ದಿ ಓದಿದೊಡನೆ ಈ ಪತ್ರ ಬರೆಯಲು ಕೂತೆ. ಗೋದಾಮಿನ ಕಾರ್ಮಿಕ ಸಿದ್ದರಾಮಪ್ಪನವರನ್ನು ಕೊಂದ ನಿಯಮ ಅಲ್ಲಿ ಹಾಗೇ ಇದೆ.

ಆ ನಿಯಮ ಹುಟ್ಟಿದ್ದು ಹೇಗೆಂದು ತಮಗೆ ಗೊತ್ತಿರಲೇಬೇಕು. ಕಂಪನಿಯವರು ಕಾರ್ಖಾನೆಯ ಖಾಲಿ ಜಾಗದಲ್ಲಿ ಗಾಜಿನ ಕಟ್ಟಡ ಎಬ್ಬಿಸಿ ಸಾಫ್ಟ್‌ವೇರ್ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟರು. ಸೈರನ್ ಪರೀಕ್ಷಿಸಿದಾಗಲೆಲ್ಲ ವಿದೇಶಿ ಗಿರಾಕಿಗಳೊಡನೆ ಮಾತಾಡಲು ಆಗುವುದಿಲ್ಲವೆಂದು ಅಲ್ಲಿನವರು ದೂರಿದರಂತೆ. ಆಡಳಿತ ಮಂಡಳಿ ಸಭೆ ಸೇರಿ ತೀರ್ಮಾನಿಸಿತು: ಇನ್ನು ಮುಖ್ಯ ಕಚೇರಿಯ ಅಪ್ಪಣೆಯಿಲ್ಲದೆ ಸೈರನ್ ಕೂಗಕೂಡದು. ಎಂಥ ಸೌಜನ್ಯ! ವಿಷಾನಿಲವೂ ಅಪ್ಪಣೆ ಕೇಳಿಯೇ ಸೋರುತ್ತದೆಂದು ಆ ಮಹನೀಯರು ನಂಬಿರಬೇಕು.

ನನ್ನ ಪತಿ ನರಹರಿ ಅಲ್ಲಿ ಶಿಫ್ಟ್ ಮೇಲ್ವಿಚಾರಕರು. ಅನಿಲ ಸೋರಿದ ಆ ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಮೂಗಿಗೆ ಘಾಟು ಬಡಿಯಿತು, ಕಣ್ಣು ಉರಿಯಿತು. ಅಷ್ಟರಲ್ಲಿ ಅವರ ಫೋನು.

“ಶಾಮಲಾ, ಕಿಡಕಿ ಎಲ್ಲಾ ಹಾಕ್ಕೊ. ಒದ್ದಿ ಬಟ್ಟಿ ಮೂಗಿಗೆ ಹಿಡ್ಕೊ. ಗ್ಯಾಸ್ ಸೋರಾಕತ್ತೈತಿ.”

“ಮತ್ತ ಸೈರನ್ ಯಾಕ ಕೂಗವಲ್ದುರಿ?”

“ಮ್ಯಾನೇಜರ್ ಹೆಡ್ ಆಫೀಸಿಗೆ ಫೋನ್ ಹಚ್ಚಿ ಕೇಳಾಕತ್ತಾರ. ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರಂತ.”

ಸಾಹೇಬರು ಮೀಟಿಂಗ್ ಮುಗಿಸುವಷ್ಟರಲ್ಲಿ, ಹಿಂದಿನ ಗೋದಾಮಿನಲ್ಲಿ ಏನೂ ತಿಳಿಯದೆ ಡ್ರಮ್ ಜೋಡಿಸುತ್ತಿದ್ದ ಸಿದ್ದರಾಮಪ್ಪ ಕುಸಿದುಬಿದ್ದಿದ್ದರು. ನರಹರಿಯವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಓಡಿ, ಅವರನ್ನು ಹೊತ್ತು ತಂದರು. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಸೈರನ್ ಕೂಗಿದ್ದು ಆಮೇಲೆ.

ತಮ್ಮ ವರದಿ ಇದನ್ನು ‘ಕಾರ್ಮಿಕನ ಅಜಾಗರೂಕತೆ’ ಎನ್ನುತ್ತದೆ. ಕೂಗದ ಸೈರನ್ ಕೇಳಿ ಅವರು ಹೇಗೆ ಓಡಬೇಕಿತ್ತು? ಸಭೆಯಲ್ಲಿ ಕುಳಿತು ಆ ನಿಯಮಕ್ಕೆ ಕೈಯೆತ್ತಿದವರಲ್ಲಿ ಒಬ್ಬರನ್ನಾದರೂ ತಾವು ಕರೆದು ವಿಚಾರಿಸಿದಿರಾ?

ನರಹರಿಯವರ ಕೆಮ್ಮು ಇನ್ನೂ ನಿಂತಿಲ್ಲ. ಬೇರೆ ಕೆಲಸ ನೋಡಿಕೊಳ್ಳಿರೆಂದು ಬೇಡಿಕೊಂಡೆ.

“ಒಳಗ ಭಾಳ ಮಂದಿ ಅದಾರ ಶಾಮಲಾ. ಈ ಸಲ ನಾ ಯಾರನ್ನೂ ಕೇಳಂಗಿಲ್ಲ, ಗುಂಡಿ ಒತ್ತೇ ಬಿಡ್ತೀನಿ” ಎಂದರು.

ನಿನ್ನೆ ಅವರು ಕಾರ್ಖಾನೆಗೆ ಹೋಗಿ ನೋಡಿಬಂದರು. ಸೈರನ್ನಿನ ಗುಂಡಿಯನ್ನು ಈಗ ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದಾರಂತೆ. ಬೀಗದ ಕೈ ಮುಖ್ಯ ಕಚೇರಿಯಲ್ಲಿದೆಯಂತೆ.

ಆ ಬೀಗ ಒಡೆಸಿ. ಗುಂಡಿ ಒತ್ತುವ ಅಧಿಕಾರವನ್ನು ಒಳಗೆ ದುಡಿಯುವವರ ಕೈಗೆ ಕೊಡಿಸಿ. ಅಲ್ಲಿಯವರೆಗೆ ತಮ್ಮ ಅನುಮತಿಯನ್ನು ಹಿಂತೆಗೆದುಕೊಳ್ಳಿ. ಸೋಮವಾರ ಬೆಳಿಗ್ಗೆ ನರಹರಿಯವರಿಗೆ ಊಟದ ಡಬ್ಬಿ ಕಟ್ಟಿಕೊಟ್ಟು ಕಳಿಸಬೇಕಾದವಳು ನಾನು.

ಇಂತಿ,
ಧೈರ್ಯವಿಲ್ಲದೆಯೂ ಬರೆದ,
ಶಾಮಲಾ ನರಹರಿ
ಮಿಯಾಪುರ, ಹೈದರಾಬಾದ್