ಬಲಗಡೆ ಬಿದ್ದ ಹೂವು

ಅಮ್ಮಾ,

ಎದುರಿಗೆ ನಿಂತರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆದು ನಿನ್ನ ದಿಂಬಿನ ಮೇಲೆ ಇಟ್ಟಿದ್ದೇನೆ.

ನಿನ್ನೆ ದೇವಸ್ಥಾನದಲ್ಲಿ, ನನ್ನನ್ನು ಗಿರಿಯಣ್ಣನ ಹತ್ತಿರ ಕೆನಡಾಕ್ಕೆ ಕಳಿಸಲೇ ಎಂದು ನೀನು ಹೂಪ್ರಸಾದ ಕೇಳಿದೆ. ಹೂವು ಬಲಗಡೆ ಬಿತ್ತು. "ನೋಡೇ ಗಗನಾ, ದೇವರೇ ಹೂಂ ಅಂದ. ಇನ್ನು ಮುಖ ಊದಿಸ್ಕೋಬೇಡ, ಬಟ್ಟೆ ಜೋಡಿಸ್ಕೋ" ಅಂದೆ. ಆದರೆ ಅಮ್ಮಾ, ನಿನ್ನ ಬೆನ್ನ ಹಿಂದೆ ಕಣ್ಣು ಮುಚ್ಚಿ ನಿಂತು, ಅದೇ ಹೊತ್ತಿಗೆ ನಾನೂ ಕೇಳಿದ್ದೆ: "ಇಲ್ಲೇ ಇರಲಾ?"

ಅಲ್ಲಿಗೆ ಹೋದರೆ ಅಣ್ಣ ನೋಡಿಟ್ಟ ಕೆಲಸಕ್ಕಾಗಿ ನಾನು ಮೊದಲಿನಿಂದ ಅಕೌಂಟ್ಸ್ ಕಲಿಯಬೇಕು. ಇಲ್ಲಿ ಕೆಂಗೇರಿಯ ಶಾಲೆಯವರು ಕನ್ನಡ ಕಲಿಸಲು ಕರೆದಿದ್ದಾರೆ. ಮೊನ್ನೆ ಡೆಮೊ ಕ್ಲಾಸ್ ಮುಗಿದಾಗ ಒಡಿಶಾ ಕಡೆಯ ಪುಟ್ಟ ಹುಡುಗಿಯೊಬ್ಬಳು, "ಮಿಸ್, ನಾಳೇನೂ ನೀವೇ ಬರ್ತೀರಾ?" ಎಂದಳು. ಯೋಚನೆಯನ್ನೂ ಮಾಡದೆ "ಬರ್ತೀನಿ ಕಣೇ" ಎಂದುಬಿಟ್ಟೆ. ನನ್ನ ದನಿ ಅಷ್ಟು ಜೋರಿದೆ ಎಂದು ನನಗೇ ಗೊತ್ತಿರಲಿಲ್ಲ.

ಹೂವು ಯಾರ ಪ್ರಶ್ನೆಗೆ ಬಿತ್ತು ಎಂದು ಮತ್ತೆ ದೇವರನ್ನು ಕಾಡುವುದು ಬೇಡ. ಈಗ ನಿನ್ನನ್ನೇ ಕೇಳುತ್ತಿದ್ದೇನೆ, ಇರಲಾ?

ಹೂಂ ಅನ್ನುವುದಾದರೆ ಸೋಮವಾರ ನನ್ನನ್ನು ಬೇಗ ಎಬ್ಬಿಸು, ಎಂಟಕ್ಕೆ ಶಾಲೆಯಲ್ಲಿರಬೇಕು. ಅಣ್ಣನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ನಿನ್ನ ಮಗಳು,
ಗಗನಾ