ಬಾಣಂತಿಯ ಕೋಟೆಗೆ ಮುತ್ತಿಗೆ ಹಾಕದವರಿಗೆ

ಟೂಂಗಾಬಿ, ಸಿಡ್ನಿ
ಸೆಪ್ಟೆಂಬರ್ ೨೦೦೬

ಗೋಪೀನಾಥ ಭಾವನವರಿಗೆ,

ನಿಮ್ಮ ತಮ್ಮನ ಹೆಂಡತಿ ಅನಘಾ ಮಾಡುವ ನಮಸ್ಕಾರಗಳು. ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರುಮಾಡಲು ನೋಡಿದೆ, ಕೈ ಬರಲಿಲ್ಲ. ಮಗು ಕ್ಷೇಮವಾಗಿದೆ. ಹಾಲು ಕುಡಿಯುತ್ತದೆ, ತೂಕ ಏರಿದೆ ಎಂದು ನರ್ಸ್ ಬಂದು ನೋಡಿ ಹೇಳಿ ಹೋದಳು. ಉಳಿದವರ ವಿಷಯ ಹೇಳಲಾರೆ. ನನಗೆ ನಿದ್ದೆ ಬಿಟ್ಟುಹೋಗಿದೆ. ಮಗು ಎದ್ದರೆ ನಾನೂ ಎದ್ದಿರುತ್ತೇನೆ. ಅದು ಮಲಗಿದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ಕೂತಿರುತ್ತೇನೆ. ಬಾಣಂತಿಯರಿಗೆ ಇದೆಲ್ಲ ಇದ್ದದ್ದೇ ಎನ್ನುತ್ತಾರೆ. ಇರಬಹುದು. ಆದರೆ ನನಗಿರುವ ಭಯ ಉಸಿರಿನದೊಂದೇ ಅಲ್ಲ.

ನೀವು ಮೆಲ್ಬರ್ನಿಗೆ ಹೋಗುವ ಮುಂಚೆ, ಇದೇ ಬಿಲ್ಡಿಂಗಿನಲ್ಲಿ ಕೆಳಗಿನ ಯೂನಿಟ್ಟಿನಲ್ಲಿ ನೀವು, ಮೇಲೆ ನಾವು ಇದ್ದ ಕಾಲ ನೆನಪಾಗುತ್ತದೆ. ಶನಿವಾರದ ಊಟ ನಿಮ್ಮಲ್ಲೇ. ಅರುಂಧತಿ ಅಕ್ಕ ಪಾತ್ರೆ ಎತ್ತಿಡುವಾಗ ನೀವು ಸೋಫಾದಲ್ಲಿ ಕಾಲು ಮಡಚಿ ಕೂತು, "ಏನಮ್ಮ ಎಂಎ, ಇವತ್ತು ಯಾವ ರಾಜನ ತಲೆ ಹೋಯ್ತು?" ಎಂದು ಕೇಳುತ್ತಿದ್ದಿರಿ. ಮೈಸೂರಿನಲ್ಲಿ ನಾನು ಓದಿದ ಇಂಗ್ಲೆಂಡಿನ ಇತಿಹಾಸ ಈ ದೇಶದಲ್ಲಿ ಒಂದು ಕೆಲಸವನ್ನೂ ಕೊಡಿಸಲಿಲ್ಲ. ಅದಕ್ಕೆ ಸಿಕ್ಕ ಶ್ರೋತೃ ನೀವೊಬ್ಬರೇ.

ನಿಮಗೆ ಬಹಳ ಹಿಡಿಸಿದ್ದು ಇಂಗ್ಲೆಂಡನ್ನು ಗೆದ್ದ ವಿಲಿಯಮ್ ದೊರೆಯ ಮಕ್ಕಳ ಕತೆ. ದೊಡ್ಡವನು ರಾಬರ್ಟ್, ಕುಳ್ಳ. ಮೋಟುಕಾಲಿನವನೆಂದು ಹೆತ್ತ ಅಪ್ಪನೇ ಆಡಿಕೊಳ್ಳುತ್ತಿದ್ದ. ಒಂದು ದಿನ ತಮ್ಮಂದಿರಿಬ್ಬರು ಮೇಲಟ್ಟದಿಂದ ಅವನ ತಲೆಯ ಮೇಲೆ ನೀರು ಸುರಿದರಂತೆ, ಅಲ್ಲಿಂದ ಜಗಳ ಹತ್ತಿತಂತೆ ಎಂದಾಗ ನೀವು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಿರಿ. ನಿಮ್ಮ ತಮ್ಮ ತಟ್ಟನೆ, "ಇವನೂ ಮೋಟೇ. ಅರಸೀಕೆರೆ ಕ್ವಾರ್ಟರ್ಸಲ್ಲಿ ನಾನೂ ನೀರು ಸುರಿದಿದ್ದೀನಿ, ಕೇಳು ಬೇಕಾದ್ರೆ" ಎಂದಿದ್ದರು. "ಸುರಿದಿದ್ದ, ಆಮೇಲೆ ತಲೆ ಒರೆಸಿದ್ದೂ ಅವನೇ" ಎಂದಿರಿ ನೀವು. ಮಾವನವರು ಗಾರ್ಡ್ ಕೆಲಸದ ಮೇಲೆ ರೈಲು ಹತ್ತಿ ಹೋದರೆ, ತಾಯಿಯಿಲ್ಲದ ಆ ಮನೆಯಲ್ಲಿ ತಮ್ಮನಿಗೆ ಅನ್ನ ಕಲೆಸಿ ಕೊಡುತ್ತಿದ್ದುದು ನೀವೇ ಎಂದು ನಿಮ್ಮ ತಮ್ಮನೇ ನನಗೆ ಹೇಳಿದ್ದರು. ಮದುವೆಯಾದ ಹೊಸತರಲ್ಲಿ, ಹೆಮ್ಮೆಯಿಂದ.

ಅದೇ ಮನುಷ್ಯನ ಬಗ್ಗೆ ಈಗ ಬರೆಯಬೇಕು.

ಹೋದ ವರ್ಷ ಮಾವನವರಿಗೆ ಹುಷಾರಿಲ್ಲವೆಂದು ಇವರು ರಜೆ ಹಾಕಿ ಊರಿಗೆ ಹೋಗಿದ್ದರು. ಉಸಿರು ನಿಂತ ಸುದ್ದಿ ಬಂದಾಗ ನೀವು ಇಲ್ಲಿಂದ ಫೋನ್ ಮಾಡಿ ಒಂದೇ ಮಾತು ಹೇಳಿದಿರಿ: "ನಾನು ಹೊರಟೆ. ಬರೋ ತನಕ ಕಾಯಿ ಲಚ್ಚು." ಅವರು ಕಾಯಲಿಲ್ಲ. ಹೆಣ ಇಟ್ಟುಕೊಂಡು ಕೂರಬಾರದು, ಹೊತ್ತು ಮುಳುಗುವ ಮುಂಚೆ ಆಗಬೇಕು ಎಂದು ನೆಂಟರು ಒತ್ತಾಯಿಸಿದ್ದು ನಿಜ. ಐಸ್ ಪೆಟ್ಟಿಗೆ ತರಿಸಬಹುದಿತ್ತು ಎಂಬುದೂ ನಿಜ. ನೀವು ವಿಮಾನದಲ್ಲಿದ್ದಾಗ ಅವರು ಚಿತೆಗೆ ಬೆಂಕಿ ಕೊಟ್ಟರು. ನೀವು ಬಂದು ನೋಡಿದ್ದು ಬೂದಿ. ಬೆಂಕಿ ಕೊಟ್ಟವನೇ ಹತ್ತು ದಿನದ ಕರ್ಮ ಮುಗಿಸಬೇಕೆಂದು ಪುರೋಹಿತರು ಹೇಳಿದ್ದರಿಂದ ಹಿರಿಯ ಮಗನಾದ ನೀವು ಪಕ್ಕಕ್ಕೆ ಕೂತಿರಿ, ಕಿರಿಯ ಮಗ ಮಣೆಯ ಮೇಲೆ. ಊರಿನಿಂದ ಬಂದ ಮೇಲೆ ಒಂದು ದಿನ ಅವರು ನನ್ನ ಮುಂದೆ ಬಾಯಿಬಿಟ್ಟರು: "ಕೊಳ್ಳಿ ಹಿಡಿದಾಗ, ನಾನೂ ಅಪ್ಪನ ಮಗ ಅಂತ ಮೊದಲನೇ ಸಲ ಅನ್ನಿಸ್ತು ಕಣೇ." ನನಗೆ ಪಾಪ ಅನ್ನಿಸಿತ್ತು. ಇಷ್ಟು ವರ್ಷ ಗೋಪಿಯ ತಮ್ಮ ಎಂದೇ ಬದುಕಿದವರು. ಆ ಮಾತಿನ ಒಳಗೆ ಏನು ಕೂತಿದೆ ಎಂದು ನಾನು ಆವತ್ತು ನೋಡಲಿಲ್ಲ.

ರಾಬರ್ಟನಿಗೂ ಆದದ್ದು ಇದೇ. ಅಪ್ಪನ ನಂತರ ಇಂಗ್ಲೆಂಡನ್ನು ಆಳುತ್ತಿದ್ದ ನಡುವಿನ ತಮ್ಮ ಬೇಟೆಯಲ್ಲಿ ಬಾಣ ತಗುಲಿ ಸತ್ತಾಗ ಇಂಗ್ಲೆಂಡಿನ ಸಿಂಹಾಸನ ದೊಡ್ಡವನಿಗೆ ಬರಬೇಕಿತ್ತು. ಅವನು ದೂರದ ಯುದ್ಧ ಮುಗಿಸಿ ಮನೆಯ ದಾರಿ ಹಿಡಿದಿದ್ದ. ಕಿರಿಯವನಾದ ಹೆನ್ರಿ ಕಾಯಲಿಲ್ಲ. ಓಡಿ ಹೋಗಿ ಬೊಕ್ಕಸ ಹಿಡಿದು ಕಿರೀಟ ಹಾಕಿಸಿಕೊಂಡ. ದಾರಿಯಲ್ಲಿದ್ದವನು ಎಂದೆಂದಿಗೂ ದಾರಿಯಲ್ಲೇ ಉಳಿದ.

ನೀವು ಮಾತಿಲ್ಲದೆ ಮನೆ ಖಾಲಿ ಮಾಡಿಕೊಂಡು ಮೆಲ್ಬರ್ನಿನ ವಿಂಡಮ್ ವೇಲ್‌ಗೆ ಹೊರಟಿರಿ. ಟ್ರಕ್ಕಿಗೆ ಸಾಮಾನು ಏರಿಸುವಾಗ ನಿಮ್ಮ ತಮ್ಮ ಮೇಲಿನ ಬಾಲ್ಕನಿಯಲ್ಲಿ ನಿಂತು ನೋಡಿದರೇ ಹೊರತು ಇಳಿಯಲಿಲ್ಲ. ಅಲ್ಲಿಗೂ ನನಗೆ ಆಸೆಯಿತ್ತು ಭಾವ. ಹೊಟ್ಟೆಯಲ್ಲಿ ಇವನಿದ್ದ. ಮಗು ಹುಟ್ಟಿದರೆ ಪುರುಡು ಬರುತ್ತದೆ, ಒಂದೇ ರಕ್ತದವರೆಲ್ಲ ಹತ್ತು ದಿನ ಆಚರಿಸಲೇಬೇಕು. ಆಗಲಾದರೂ ಇವರು ನಿಮಗೆ ಫೋನ್ ಮಾಡಲೇಬೇಕಲ್ಲ ಎಂದುಕೊಂಡಿದ್ದೆ. ಸಾವಿನ ಸೂತಕ ಕಡಿದದ್ದನ್ನು ಹುಟ್ಟಿನ ಸೂತಕ ಕೂಡಿಸಲಿ ಎಂಬ ಹುಚ್ಚು ಲೆಕ್ಕ.

ಮಗು ಹುಟ್ಟಿದ್ದು ಮಾವನವರ ಮೊದಲ ವರ್ಷದ ಶ್ರಾದ್ಧದ ವೈದಿಕಕ್ಕೆ ಕೆಲವೇ ದಿನ ಮುಂಚೆ. ನನ್ನ ಅಮ್ಮನ ವೀಸಾ ಬರುವಷ್ಟರಲ್ಲಿ ಮಗುವೇ ಬಂದುಬಿಟ್ಟಿತ್ತು. ಪುರುಡಿನಲ್ಲಿ ವೈದಿಕ ಮಾಡುವಂತಿಲ್ಲ. ಮಾಡಿದರೆ ಪಿಂಡ ಹಿರಿಯರಿಗೆ ಮುಟ್ಟುವುದಿಲ್ಲ ಎಂಬ ನಂಬಿಕೆ ನಿಮ್ಮ ಮನೆಯಲ್ಲಿ ಎಷ್ಟು ಗಟ್ಟಿಯೆಂದು ನನಗೂ ಗೊತ್ತು. ನೀವು ಬೇರೆಯಾದ ಮೇಲೆ ವೈದಿಕವೂ ಎರಡು ಕಡೆ ಆಗಬೇಕಿತ್ತು. ನಮ್ಮದು ಹೇಗೂ ಮುಂದಕ್ಕೆ ಹೋಯಿತು. ನಿಮಗೂ ಸುದ್ದಿ ಮುಟ್ಟಿದೆ, ನಿಮ್ಮದೂ ಮುಂದಕ್ಕೆ ಹೋಗಿದೆ ಎಂದೇ ನಾನಿದ್ದೆ. ತಿಥಿಯ ದಿನ ಬೆಳಿಗ್ಗೆ ಭಾವ ಏನಂದರು ಎಂದು ಕೇಳಿದೆ. ಇವರು ಚಹಾ ಸೋಸುತ್ತಿದ್ದರು. ತಿರುಗಿ ನೋಡದೆಯೇ ಹೇಳಿದರು.

"ನಾನು ಹೇಳಿಲ್ಲ. ಅವನು ಮಾಡ್ಕೊಳ್ಳಲಿ. ಪುರುಡಲ್ಲಿ ಮಾಡಿದ್ದು ಅಪ್ಪನಿಗೆ ಮುಟ್ಟಲ್ಲ. ಕಳೆದ ಮೇಲೆ ನಾನು ಮಾಡ್ತೀನಲ್ಲ, ಅದೊಂದೇ ಮುಟ್ಟತ್ತೆ."

ಮಗು ನನ್ನ ತೊಡೆಯ ಮೇಲಿತ್ತು. ಅದನ್ನೇ ಮುಂದಿಟ್ಟುಕೊಂಡು ಈ ಮನುಷ್ಯ ಅಣ್ಣನ ಕೈಯ ಪಿಂಡವನ್ನು ಮಣ್ಣು ಮಾಡಿದರಲ್ಲ. ತಕ್ಷಣ ನಿಮ್ಮ ಮನೆಗೆ ಫೋನ್ ಹಚ್ಚಿದೆ. ಅರುಂಧತಿ ಅಕ್ಕನ ದನಿ ಇಂಗ್ಲಿಷಿನಲ್ಲಿ, ನಾವು ಮನೆಯಲ್ಲಿಲ್ಲ, ಮೆಸೇಜ್ ಬಿಡಿ ಎಂದಿತು. ನೀವು ಆಗಲೇ ದೇವಸ್ಥಾನಕ್ಕೆ ಹೊರಟುಹೋಗಿದ್ದಿರಿ. ಭಾವ, ಗಂಡು ಮಗು, ಪುರುಡು ಬಂದಿದೆ, ಇವತ್ತು ಮಾಡಬೇಡಿ ಎಂದು ಆ ಮೆಷಿನ್ನಿಗೆ ಹೇಳಿದೆ. ನಿಮ್ಮ ಮನೆಯಲ್ಲಿ ಸಂತೋಷದ ಸುದ್ದಿ ಬಂದದ್ದು ಹಾಗೆ, ಖಾಲಿ ಕೋಣೆಯಲ್ಲಿ.

ಮಾರನೆಯ ದಿನ ನೀವೇ ಬಂದಿರಿ. ಮೆಲ್ಬರ್ನಿನಿಂದ ಹ್ಯೂಮ್ ಹೈವೇ ಪೂರ್ತಿ ಒಬ್ಬರೇ ಡ್ರೈವ್ ಮಾಡಿಕೊಂಡು ಬಂದಿರೆಂದು ಆಮೇಲೆ ತಿಳಿಯಿತು. ನಾನು ಕಿವಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಮಲಗಿದ್ದೆ. ಆದರೂ ನಿಮ್ಮ ದನಿ ಕೇಳಿಸಿತು. ನೀವು ಕೂಗಾಡಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಯಾಕೆ ಹೇಳಲಿಲ್ಲ ಲಚ್ಚು?"

"ಹೇಳೋಕೆ ನಾವು ಮಾತಾಡ್ತಿದ್ದೀವಾ?"

"ನನ್ನನ್ನ ಬೈಯಿ, ಹೊಡಿ. ಅಪ್ಪನ ಅನ್ನ ಯಾಕೋ ಕೆಡಿಸಿದೆ?"

ಅವರು ಏನೋ ಹೇಳಲು ಹೊರಟಿದ್ದರು. ಅಷ್ಟರಲ್ಲಿ ಮಗು ಅತ್ತಿತು. ಬಾಣಂತಿ ಒಳಗಿದ್ದಾಳಾ ಎಂದು ನೀವು ಕೇಳಿದಿರಿ. ಇನ್ನೆಲ್ಲಿರ್ತಾಳೆ ಎಂದರು ನಿಮ್ಮ ತಮ್ಮ.

"ಹಾಗಾದ್ರೆ ಇಲ್ಲಿ ಮಾತು ಬೇಡ."

ಅಷ್ಟೇ. ನಾನು ಗೋಡೆ ಹಿಡಿದು ಎದ್ದು ಕಿಟಕಿಗೆ ಬರುವಷ್ಟರಲ್ಲಿ ನೀವು ಕೆಳಗಿಳಿದಿದ್ದಿರಿ. ಮೆಟ್ಟಿಲ ಕೊನೆಯಲ್ಲಿ ಕೂತು, ಕೈಯಲ್ಲಿ ಹಿಡಿದು ತಂದ ಚಪ್ಪಲಿಯ ಪಟ್ಟಿ ಹಾಕಿಕೊಳ್ಳುತ್ತಿದ್ದಿರಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟಿದ್ದಿರಿ, ಅಂದರೆ ಜಗಳವಾಡಿಯಾದರೂ ಒಳಗೆ ಬರುವವರಿದ್ದಿರಿ. ಮಗುವನ್ನು ಗಾಜಿಗೆ ಎತ್ತಿ ಹಿಡಿದೆ. ನೀವು ಮೇಲೆ ನೋಡಲಿಲ್ಲ.

ಭಾವ, ರಾಬರ್ಟ್ ಸೈನ್ಯ ಕಟ್ಟಿಕೊಂಡು ತಮ್ಮನ ಮೇಲೆ ಏರಿ ಬಂದಾಗ ಮೊದಲು ವಿಂಚೆಸ್ಟರ್ ಕೋಟೆಯ ಕಡೆಗೆ ನಡೆದನಂತೆ. ಅಲ್ಲಿ ಹೆನ್ರಿಯ ಹೆಂಡತಿ ಹೆತ್ತು ಮಲಗಿದ್ದಾಳೆ ಎಂದು ಯಾರೋ ಹೇಳಿದರು. ಬಾಣಂತಿ ಇರುವ ಕೋಟೆಗೆ ಮುತ್ತಿಗೆ ಹಾಕುವಷ್ಟು ನೀಚ ನಾನಲ್ಲ ಎಂದು ಅವನು ಸೈನ್ಯವನ್ನು ತಿರುಗಿಸಿದನಂತೆ. ನಮ್ಮ ಮೇಷ್ಟ್ರು ಇದನ್ನು ದಂತಕತೆ ಎನ್ನುತ್ತಿದ್ದರು. ರಾಜರು ಅಷ್ಟು ಒಳ್ಳೆಯವರಾಗಿರಲು ಸಾಧ್ಯವಿಲ್ಲ, ಬರೆಯಬೇಡಿ, ಮಾರ್ಕ್ಸ್ ಸಿಗುವುದಿಲ್ಲ ಎನ್ನುತ್ತಿದ್ದರು. ನಿಮಗೆ ಈ ಭಾಗ ಹೇಳಿರಲಿಲ್ಲ. ಹೇಳುವ ಶನಿವಾರಗಳು ಅಷ್ಟರಲ್ಲಿ ಮುಗಿದಿದ್ದವು. ಆದರೆ ಕಿಟಕಿಯಲ್ಲಿ ನಿಂತು ನೋಡಿದಾಗ ನನಗೆ ಮೇಷ್ಟ್ರ ಮಾತು ಸುಳ್ಳೆನಿಸಿತು.

ಹಿಂದಿರುಗಿದ್ದರಿಂದ ರಾಬರ್ಟನಿಗೆ ಏನು ಸಿಕ್ಕಿತು? ಆ ಸಲ ಸಂಧಾನವಾಯಿತು. ಕೆಲವು ವರ್ಷ ಕಳೆದ ಮೇಲೆ ತಮ್ಮನೇ ಕಡಲು ದಾಟಿ ಹೋಗಿ ಅಣ್ಣನನ್ನು ಸೋಲಿಸಿ ಹಿಡಿದು ತಂದ. ಸಾಯುವವರೆಗೆ ಸೆರೆಯಲ್ಲಿಟ್ಟ. ಒಳ್ಳೆಯ ಊಟ, ಒಳ್ಳೆಯ ಬಟ್ಟೆ ಕೊಟ್ಟೆ ಎಂದು ಹೇಳಿಕೊಂಡ. ಗೌರವದಿಂದ ಹಿಂದೆ ಸರಿದವನನ್ನು ಸೋತವನೆಂದೇ ಲೋಕ ಓದುತ್ತದೆ. ನಿಮ್ಮ ತಮ್ಮನೂ ಹಾಗೇ ಓದಿದರು. ಬಾಗಿಲು ಹಾಕಿಕೊಂಡು ಬಂದು, "ನೋಡು, ಹೊರಟೇ ಹೋದ. ಮಾತಿಗೆ ಬಲ ಇದ್ದಿದ್ರೆ ನಿಲ್ತಿದ್ದ" ಎಂದರು. ನಾನು ಅವರ ಜೊತೆ ಆವತ್ತಿನಿಂದ ಅಡುಗೆಮನೆಯ ಮಾತು ಬಿಟ್ಟು ಬೇರೆ ಮಾತಾಡಿಲ್ಲ. ಅದರಿಂದ ಅವರಿಗೇನೂ ಕಡಿಮೆಯಾಗಿಲ್ಲ. ಬಾಣಂತಿಯ ಮನಸ್ಸು, ಸರಿಹೋಗುತ್ತದೆ ಎಂದುಕೊಂಡಿದ್ದಾರೆ.

ಆಮೇಲೆ ನೀವು ಇಲ್ಲಿನ ಪುರೋಹಿತರಿಗೆ ಫೋನ್ ಮಾಡಿದಿರಂತೆ. ಪುರೋಹಿತರು ಇವರಿಗೆ ಫೋನ್ ಮಾಡಿ, ಇವರು ಸ್ಪೀಕರ್ ಹಾಕಿದ್ದರಿಂದ, ಅವರು ಹೇಳಿದ್ದು ನನಗೂ ಕೇಳಿಸಿತು.

"ನಿಮ್ಮ ಅಣ್ಣ ಇನ್ನು ಮುಂದೆ ತಾವು ಮಾಡೋದಿಲ್ಲ ಅಂದರು. ತಮ್ಮನೇ ಮಾಡ್ಲಿ, ಅವನು ಕೊಟ್ಟಿದ್ದೇ ಅಪ್ಪನಿಗೆ ಮುಟ್ಟಲಿ ಅಂದರು."

ಹೀಗೆ ನೀವು ಎಲ್ಲವನ್ನೂ ಬಿಟ್ಟುಕೊಟ್ಟಿರಿ. ಪುರುಡು ಕಳೆದ ಮೇಲೆ ಒಂದು ದಿನ ನೋಡಿ ಇವರು ವೈದಿಕ ಮಾಡಿದರು. ಒಬ್ಬನೇ ಮಗನ ಹಾಗೆ ಕೂತು ಮಾಡಿದರು. ನಾನು ಒಳಗೊಳಗೇ ಏನು ಹರಸಿಕೊಂಡಿದ್ದೆ ಗೊತ್ತೇ? ಕಾಗೆ ಬಾರದಿರಲಿ, ಪಿಂಡ ಬಿಸಿಲಲ್ಲಿ ಒಣಗಲಿ, ಆಗ ಇವರಿಗೆ ಭಯ ಹುಟ್ಟಿ ನಿಮ್ಮ ಕಾಲಿಗೆ ಬೀಳಲಿ ಎಂದು. ಬಿಲ್ಡಿಂಗಿನ ಹಿಂದಿನ ಹುಲ್ಲಿನ ಮೇಲೆ ಎಲೆ ಇಟ್ಟು ತಿರುಗುವುದೇ ತಡ, ಈ ಊರಿನ ದಪ್ಪ ಕಾಗೆಗಳು ಬೇಲಿಯಿಂದ ಇಳಿದು ಬಂದು ಅಗುಳು ಬಿಡದೆ ತಿಂದವು. ಇವರ ಮುಖ ಬೆಳಗಿತು. ಮಾಡಿದ್ದಕ್ಕೆ ಶಿಕ್ಷೆ ಇದೆಯೆಂದು ನಂಬಿಕೊಂಡೇ ಬೆಳೆದವಳು ನಾನು. ಆ ನಂಬಿಕೆಯನ್ನೂ ಆ ಕಾಗೆಗಳೇ ತಿಂದುಕೊಂಡು ಹೋದವು.

ಇನ್ನೂ ಆಗಿದ್ದು ಇದೆ. ದೊಡ್ಡ ಮಗ ಇಶಾನ್‌ಗೆ ಈಗ ಐದು ನಡೆಯುತ್ತಿದೆ. ಮಂತ್ರ ಮುಗಿದ ಮೇಲೆ ಇವರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು, ನೀನು ದೊಡ್ಡವನು, ನಾಳೆ ಇದೆಲ್ಲ ನಿನ್ನದು, ಯಾರಿಗೂ ಬಿಟ್ಟುಕೊಡಬಾರದು ಎಂದು ಹೇಳಿಕೊಟ್ಟರು. ದೊಡ್ಡವನ ಹಕ್ಕನ್ನು ಕಿತ್ತುಕೊಂಡ ಕೈಯೇ ದೊಡ್ಡವನ ತಲೆ ಸವರುತ್ತಿತ್ತು. ಅದರಲ್ಲಿ ಏನೂ ತಪ್ಪಿದೆಯೆಂದು ಅವರಿಗೆ ಅನ್ನಿಸಲೇ ಇಲ್ಲ. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗ ಆವತ್ತು ಸಂಜೆ ತೊಟ್ಟಿಲಿಗೆ ಬಾಯಿಟ್ಟು, ಕನ್ನಡದಲ್ಲಿ, ಅಪ್ಪನ ದನಿಯಲ್ಲೇ ಹೇಳಿದ: "ಎಲ್ಲಾ ನಂದು. ನಿಂಗೇನೂ ಇಲ್ಲ." ಮಗು ಅವನ ಬೆರಳು ಹಿಡಿದುಕೊಂಡಿತ್ತು. ನಾನು ಆವತ್ತಿನಿಂದ ಇಬ್ಬರನ್ನೂ ಒಂದೇ ರೂಮಿನಲ್ಲಿ ಬಿಟ್ಟು ಸ್ನಾನಕ್ಕೂ ಹೋಗುವುದಿಲ್ಲ. ಇದು ಹುಚ್ಚೆಂದು ಗೊತ್ತು. ಅಣ್ಣತಮ್ಮಂದಿರು ಹೀಗೆ ಆಡುತ್ತಲೇ ಬೆಳೆಯುತ್ತಾರೆ ಎಂದು ಯಾರಾದರೂ ಹೇಳಿಯಾರು. ನೀವೂ ಹಾಗೇ ಬೆಳೆದವರಲ್ಲವೇ?

ಹೆನ್ರಿಗೆ ಧರ್ಮಪತ್ನಿಯಲ್ಲಿ ಹುಟ್ಟಿ ಉಳಿದ ಮಗನೊಬ್ಬನಿದ್ದ. ಹಡಗು ಒಡೆದು ಸಮುದ್ರದ ಪಾಲಾದ. ರಾಬರ್ಟ್ ಸೆರೆಯಲ್ಲಿ ಮುದುಕನಾಗಿ ಸತ್ತ, ಮರುವರ್ಷ ಹೆನ್ರಿ ಸತ್ತ. ಆಮೇಲೆ ಅವನ ಮಗಳೂ ಸೋದರಳಿಯನೂ ಅದೇ ಸಿಂಹಾಸನಕ್ಕೆ ವರ್ಷಾನುಗಟ್ಟಲೆ ಬಡಿದಾಡಿ ಊರೂರು ಸುಟ್ಟರು. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡುವಾಗ ನನಗೆ ನಿದ್ದೆ ಬರುತ್ತಿತ್ತು.

ನಿನ್ನೆ ಇವರು ಆಫೀಸಿಗೆ ಹೋದ ಮೇಲೆ ನಿಮ್ಮ ಮನೆಗೆ ಫೋನ್ ಮಾಡಿದೆ. ಅರುಂಧತಿ ಅಕ್ಕ ಎತ್ತಿದರು. ನೀವು ಪಕ್ಕದಲ್ಲೇ ಇದ್ದಿರೆಂದು ಅವರು ಮಾತಾಡಿದ ರೀತಿಯಲ್ಲೇ ತಿಳಿಯಿತು. ಭಾವನಿಗೆ ನಮ್ಮ ಮೇಲೆ ಬಹಳ ಸಿಟ್ಟಿರಬೇಕು ಎಂದೆ.

"ಸಿಟ್ಟಿಲ್ಲ ಅನಘಾ. ನಿನ್ನ ಮೇಲೂ ಇಲ್ಲ, ಲಕ್ಷ್ಮೀಶನ ಮೇಲೂ ಇಲ್ಲ. ಮೊನ್ನೆ ಯಾರೋ ನಿಮಗೆ ಒಡಹುಟ್ಟಿದವರು ಎಷ್ಟು ಜನ ಅಂತ ಕೇಳಿದ್ರು. ಇವರು, ನಾನೊಬ್ನೇ ಅಂದ್ರು. ಸಿಟ್ಟಿಂದ ಅನ್ನಲಿಲ್ಲ ಕಣೇ."

ಫೋನ್ ಇಟ್ಟೆ. ಅತ್ತಿದ್ದರೆ ಹಗುರವಾಗುತ್ತಿತ್ತೇನೋ. ಸಿಟ್ಟು ಇರುವವರೆಗೆ ನೀವು ಇನ್ನೊಂದು ಸಲ ಹೈವೇ ಹಿಡಿದು ಬರುತ್ತೀರಿ, ಬಾಗಿಲು ಬಡಿಯುತ್ತೀರಿ ಎಂಬ ಆಸೆಯನ್ನು ಎಲ್ಲೋ ಇಟ್ಟುಕೊಂಡಿದ್ದೆ. ಈಗ ಬಾಗಿಲು ಬಡಿದರೆ ಅದು ಪೋಸ್ಟಿನವನೋ ಪಕ್ಕದ ಮನೆಯವರೋ ಅಷ್ಟೇ. ಹಾಗಾಗಿ ನಾನು ನಿಮ್ಮನ್ನು ಬನ್ನಿ ಎಂದು ಕರೆಯುತ್ತಿಲ್ಲ. ಕ್ಷಮಿಸಿ ಎಂದೂ ಬೇಡುತ್ತಿಲ್ಲ. ಬೇಡಬೇಕಾದವರು ಬೇಡುವುದಿಲ್ಲ, ನನ್ನಿಂದ ಅದು ಆಗುವ ಕೆಲಸವಲ್ಲ. ಆ ದಿನ ಒಬ್ಬ ಹೆಂಗಸು ಹಸಿಮೈಯಲ್ಲಿ ಮಲಗಿದ್ದಾಳೆ ಎಂದು ನೀವು ಗೆಲ್ಲಬಹುದಾಗಿದ್ದ ಜಗಳವನ್ನು ಮೆಟ್ಟಿಲಲ್ಲೇ ಬಿಟ್ಟು ಹೋದಿರಿ. ಅದನ್ನು ಈ ಮನೆಯಲ್ಲಿ ಒಬ್ಬಳಾದರೂ ಸೋಲು ಎಂದು ಓದಲಿಲ್ಲ. ಇಷ್ಟು ನಿಮಗೆ ಗೊತ್ತಿರಲಿ ಎಂದು ಬರೆದೆ.

ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ಹೆಸರನ್ನು ಕಿವಿಯಲ್ಲಿ ಹೇಳುವ ಹಿರಿಯರು ಯಾರೆಂದು ಪುರೋಹಿತರು ಕೇಳಿದರು.

ನೀವೂ ಅಕ್ಕನೂ ಆರೋಗ್ಯವಾಗಿರಿ, ನಮ್ಮ ನೆನಪು ನಿಮ್ಮ ನಿದ್ದೆ ಕೆಡಿಸದಿರಲಿ. ಇನ್ನು ಬರೆಯುವುದಿಲ್ಲ.

ದೊಡ್ಡಪ್ಪನಿಲ್ಲದ ಎರಡು ಮಕ್ಕಳ ತಾಯಿ,
ಅನಘಾ